ಬೇಲೂರಿಗೆ ಒಂದು ದಿನವಾದರೂ ಬೇಕು

ಹಾಸನ ಜಿಲ್ಲೆಗೆ ಬರುವ ಪ್ರವಾಸಿಗಳಲ್ಲಿ ಅನೇಕರು ಬೇಲೂರು, ಹಳೇಬೀಡುಗಳನ್ನು ಒಂದೇ ದಿನದಲ್ಲಿ ನೋಡಿ ಮುಗಿಸುತ್ತಾರೆ. ಎರಡರ ನಡುವಣ ಅಂತರ ಸುಮಾರು 16 ಕಿಲೋಮೀಟರ್ ಮಾತ್ರ. ಎರಡೂ ಹೊಯ್ಸಳರವೇ. ಆದರೆ ಅವುಗಳ ಚರಿತ್ರೆ ಬೇರೆ. ರಾಜಧಾನಿಯಾಗಿದ್ದ ಹಳೇಬೀಡು 14ನೇ ಶತಮಾನದ ದಾಳಿಗಳ ನಂತರ ಹಾಳಾಯಿತು. ಬೇಲೂರು ಮಾತ್ರ ಇಂದಿಗೂ ದೇವರು ವಾಸವಿರುವ ಊರು. ಇಲ್ಲಿ ನೋಡಬೇಕಾದ್ದು ಕಲ್ಲಿನಲ್ಲಷ್ಟೇ ಇಲ್ಲ.

ವಿಷ್ಣುವರ್ಧನನು 1117ರಲ್ಲಿ ಇಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಇಂದು ಚೆನ್ನಕೇಶವನೆಂದು ಹೆಸರಾದವನು ಇವನೇ. ತಲಕಾಡಿನಲ್ಲಿ ಚೋಳರ ಮೇಲೆ ಗಳಿಸಿದ ಜಯದ ನೆನಪು ಈ ಹೆಸರಿನಲ್ಲಿದೆ ಎಂಬುದು ಪ್ರಚಲಿತ ಅಭಿಪ್ರಾಯ. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆಯದು. ಮುಂದೆ ದಾಳಿಯಲ್ಲಿ ಸುಟ್ಟುಹೋದ ಮಹಾದ್ವಾರದ ಗೋಪುರವನ್ನು ವಿಜಯನಗರದ ಇಮ್ಮಡಿ ಹರಿಹರನ ಅಧಿಕಾರಿ ಗುಂಡನು 1397ರಲ್ಲಿ ಮತ್ತೆ ಕಟ್ಟಿಸಿದನು. ಗರ್ಭಗುಡಿಯ ಮೇಲಿದ್ದ ಶಿಖರವನ್ನು ಕೆಳಗಿನ ಕಟ್ಟಡ ಉಳಿಯಲೆಂದು 19ನೇ ಶತಮಾನದಲ್ಲಿ ಇಳಿಸಲಾಯಿತು. ರಾಜವಂಶಗಳು ಅಳಿದರೂ ಪೂಜೆ ನಿಲ್ಲಲಿಲ್ಲ.

ಆ ಪೂಜೆಯನ್ನು ಉಳಿಸಿದವರು ಅರಸರು, ಅರ್ಚಕರು ಮಾತ್ರವೇ ಅಲ್ಲ. 19ನೇ ಶತಮಾನದಲ್ಲಿ ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಒಂದು ಐತಿಹ್ಯವನ್ನು ದಾಖಲಿಸಿದೆ. ಬಾಬಾಬುಡನ್ ಗಿರಿಯಿಂದ ಕೇಶವನನ್ನು ತರುವಾಗ ದೇವಿ ಅಲ್ಲಿಯೇ ಉಳಿದಳಂತೆ. ಅವಳನ್ನು ಕಾಣಲು ದೇವರು ದೊಡ್ಡ ಪಾದರಕ್ಷೆ ಮೆಟ್ಟಿ ಆಗಾಗ ಬೆಟ್ಟಕ್ಕೆ ಹೋಗುತ್ತಾನಂತೆ. ಅವು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮಕಾರರಿಗೆ ಕನಸಿನಲ್ಲಿ ತಿಳಿಯುತ್ತದೆ. ಹೊಸ ಜೋಡು ಒಪ್ಪಿಸಲು ಬಂದ ಅವರಿಗೆ ಗುಡಿಯ ಅಂಗಳಕ್ಕೆ ಪ್ರವೇಶ ದೊರೆಯುತ್ತಿತ್ತು. ದೇವರ ಕಾಲಿಗೆ ಬೇಕಾದ ಕೈಗಳು ಅನ್ಯ ದಿನಗಳಲ್ಲಿ ಪ್ರಾಕಾರದ ಹೊರಗಿರಬೇಕಿತ್ತು ಎಂಬುದನ್ನೂ ಈ ಕಥೆ ಹೇಳುತ್ತದೆ. ಶಿಲಾಬಾಲಿಕೆಯರ ಸೊಬಗನ್ನು ವರ್ಣಿಸುವವರು ಸಾಮಾನ್ಯವಾಗಿ ಇದನ್ನು ಹೇಳುವುದಿಲ್ಲ.

ಚೈತ್ರ ಮಾಸದ ರಥೋತ್ಸವದಲ್ಲಿ ಇನ್ನೊಂದು ಮುಖ ಕಾಣುತ್ತದೆ. ಗೆಂಡೆಹಳ್ಳಿಯಂಥ ಸುತ್ತಲಿನ ಹಳ್ಳಿಗಳಿಗೆ ಇದು ಮನೆಯ ಹಬ್ಬವಿದ್ದಂತೆ. ತೇರು ಎಳೆಯುವ ಮುನ್ನ ಮೌಲ್ವಿಯೊಬ್ಬರು ಕುರಾನ್ ಪಠಿಸುವ ವಾಡಿಕೆ ಬಹುಕಾಲದಿಂದ ಬಂದದ್ದು. 2022 ಮತ್ತು 2023ರಲ್ಲಿ ಇದರ ಬಗ್ಗೆ ಆಕ್ಷೇಪಗಳು ಎದ್ದವು. ಅದೇ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇಗುಲಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಲ್ಲನ್ನು ಕಾಯಲು ಪಟ್ಟಿ ನೆರವಾಗಬಹುದು. ವಾಡಿಕೆಯನ್ನು ಕಾಯಬೇಕಾದವರು ಊರಿನವರೇ.

ಆದ್ದರಿಂದ ಬೇಲೂರಿಗೆ ಹೋಗುವವರು ಒಂದು ರಾತ್ರಿ ಅಲ್ಲಿ ತಂಗುವುದು ಲೇಸು. ಹಾಸನದಿಂದ ಬಸ್ಸಿನಲ್ಲಿ ಸುಮಾರು 40 ಕಿಲೋಮೀಟರ್ ದಾರಿ. ಬೆಳಗಿನ ಎಳೆ ಬಿಸಿಲಿನಲ್ಲಿ ಹೊರಗೋಡೆಯ ಶಿಲ್ಪ ಸ್ಪಷ್ಟವಾಗಿ ಕಾಣುತ್ತದೆ; ಬರಿಗಾಲಿನಲ್ಲಿ ನಡೆಯಬೇಕಾದ ಕಲ್ಲುಹಾಸೂ ಆಗ ತಂಪಾಗಿರುತ್ತದೆ. ಮಧ್ಯಾಹ್ನ ಗರ್ಭಗುಡಿ ಕೆಲಹೊತ್ತು ಮುಚ್ಚಿರುವುದರಿಂದ ದರ್ಶನವನ್ನು ಮೊದಲೇ ಮುಗಿಸಬೇಕು. ನವರಂಗದಲ್ಲಿ ಬೆಳಕು ಕಡಿಮೆ. ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಂತರೆ ಮೇಲಿನ ಭುವನೇಶ್ವರಿಯ ಕೆತ್ತನೆ ಒಂದೊಂದಾಗಿ ತೆರೆದುಕೊಳ್ಳುತ್ತದೆ. ಸಂಜೆ ಪ್ರವಾಸಿ ಬಸ್ಸುಗಳು ಹೊರಟ ಮೇಲೆ ಅಂಗಳದಲ್ಲಿ ಉಳಿಯುವವರು ಬಹುಮಟ್ಟಿಗೆ ಊರಿನ ಭಕ್ತರೇ. ಬೇಲೂರನ್ನು ಅರಿಯಲು ಅದೇ ತಕ್ಕ ಹೊತ್ತು.