ಭುಜದ ನೋವಿಗೆ ಹೆಸರು ಬಂದ ಬಗೆ: ಅಮೆರಿಕದ ಲಸಿಕೆ ಪರಿಹಾರ ಕಾನೂನಿನ ಒಂದು ಅಧ್ಯಾಯ

ಲಸಿಕೆ ಹಾಕಿಸಿಕೊಂಡ ತೋಳು ಎರಡು ದಿನ ನೋಯುವುದು ಎಲ್ಲರಿಗೂ ಗೊತ್ತು. ಆ ನೋವು ತಿಂಗಳುಗಟ್ಟಲೆ ಇಳಿಯದೆ, ತಲೆ ಬಾಚಲೂ ಕೈ ಎತ್ತಲಾಗದಂತಾದರೆ ಅದಕ್ಕೆ ಏನೆನ್ನಬೇಕು, ಹೊಣೆ ಯಾರದು? ಬಹುಕಾಲ ಆ ನೋವಿಗೊಂದು ಹೆಸರೇ ಇರಲಿಲ್ಲ. ಹೆಸರು ಹುಟ್ಟಿದ್ದು ಅಮೆರಿಕದ ಪರಿಹಾರ ಅರ್ಜಿಗಳ ಕಡತಗಳಲ್ಲಿ.

ನಾಯಿಕೆಮ್ಮು ಸೇರಿದ ತ್ರಿವಳಿ ಲಸಿಕೆಯ ಮೇಲೆ ದಾವೆಗಳು ಹೆಚ್ಚಿ, ತಯಾರಕರು ಒಬ್ಬೊಬ್ಬರಾಗಿ ಹಿಂದೆ ಸರಿಯತೊಡಗಿದಾಗ ಅಮೆರಿಕದ ಸಂಸತ್ತು 1986ರಲ್ಲಿ ರಾಷ್ಟ್ರೀಯ ಬಾಲ್ಯ ಲಸಿಕೆ ಹಾನಿ ಕಾಯ್ದೆಯನ್ನು ತಂದಿತು. ಪರಿಹಾರ ಯೋಜನೆ ಶುರುವಾದದ್ದು 1988ರ ಅಕ್ಟೋಬರ್ 1ರಂದು. ಯಾರ ತಪ್ಪನ್ನೂ ಸಾಬೀತುಪಡಿಸಬೇಕಿಲ್ಲ; ಲಸಿಕೆ ತಡೆಯುವ ಪ್ರತಿ ರೋಗಕ್ಕೆ 75 ಸೆಂಟ್‌ನಂತೆ ವಸೂಲಾಗುವ ತೆರಿಗೆಯಿಂದ ಹಣ ಬರುತ್ತದೆ. ಯೋಜನೆಯ ಹಾನಿಪಟ್ಟಿಯಲ್ಲಿರುವ ತೊಂದರೆ ನಿಗದಿತ ಅವಧಿಯೊಳಗೆ ಕಾಣಿಸಿಕೊಂಡರೆ ಕಾರಣ ಲಸಿಕೆಯೇ ಎಂದು ಕಾನೂನು ಒಪ್ಪಿಕೊಳ್ಳುತ್ತದೆ. ಕಾಯ್ದೆಯ ಕಣ್ಣಮುಂದೆ ಇದ್ದದ್ದು ಮಕ್ಕಳು. ಕೂಸುಗಳಿಗೆ ಸೂಜಿ ಚುಚ್ಚುವುದು ತೊಡೆಗೆ. ಹಾಗಾಗಿ ಪಟ್ಟಿಯಲ್ಲಿ ಭುಜಕ್ಕೆ ಜಾಗವಿರಲಿಲ್ಲ.

2005ರಲ್ಲಿ ಫ್ಲೂ ಲಸಿಕೆ ಈ ಯೋಜನೆಯೊಳಗೆ ಬಂದಮೇಲೆ ವಯಸ್ಕರು ಅರ್ಜಿ ಹಿಡಿದು ಬಂದರು. ಔಷಧಿ ಅಂಗಡಿಗಳಲ್ಲೇ ಲಸಿಕೆ ಹಾಕುವ ರೂಢಿಯೂ ಆ ವರ್ಷಗಳಲ್ಲೇ ಬೆಳೆಯಿತು. 2007ರಲ್ಲಿ ಬೋಡೋರ್ ಮತ್ತು ಮೊಂಟಾಲ್ವೊ ಇಬ್ಬರು ರೋಗಿಗಳ ವಿವರ ಪ್ರಕಟಿಸಿದರು. 2010ರಲ್ಲಿ ಅಟನಾಸಾಫ್ ಮತ್ತು ಸಂಗಡಿಗರು ಯೋಜನೆಗೆ ಬಂದಿದ್ದ 13 ಅರ್ಜಿಗಳನ್ನು ಒಟ್ಟಿಗಿಟ್ಟು ನೋಡಿದರು. ಹೆಚ್ಚುಕಡಿಮೆ ಎಲ್ಲರಿಗೂ ನೋವು ಒಂದು ದಿನದೊಳಗೇ ಶುರುವಾಗಿತ್ತು. ಸೂಜಿ ತೀರ ಮೇಲೆ ಚುಚ್ಚಿದರು ಎಂದು ಹಲವರು ಹೇಳಿದ್ದರು. ‘ಸಿರ್ವಾ’ (ಲಸಿಕೆ ಹಾಕುವಿಕೆಗೆ ಸಂಬಂಧಿಸಿದ ಭುಜದ ಹಾನಿ) ಎಂಬ ಹೆಸರು ಬಂದದ್ದು ಅವರ ಲೇಖನದಿಂದ.

ಆ ‘ಮೇಲೆ’ ಎಂಬ ಮಾತನ್ನು ಹತ್ತಿರದಿಂದ ನೋಡಬೇಕು. ರೋಗಿ ಕುಳಿತಿದ್ದಾರೆ, ಹಾಕುವವರು ನಿಂತಿದ್ದಾರೆ. ಅಂಗಿಯ ತೋಳನ್ನು ಮಡಚಿ ಮೇಲೇರಿಸುವ ಬದಲು ಅದರ ಕೊರಳಪಟ್ಟಿಯನ್ನು ಭುಜದಿಂದ ಕೆಳಗೆಳೆದರೆ ಮೊದಲು ಕಾಣುವುದು ಭುಜದ ನೆತ್ತಿ. ಭುಜದ ತುದಿಮೂಳೆಯಿಂದ ಎರಡು-ಮೂರು ಬೆರಳು ಕೆಳಗೆ, ಸ್ನಾಯುವಿನ ದಪ್ಪ ಭಾಗಕ್ಕೆ ಇಳಿಯಬೇಕಾದ ಸೂಜಿ ಆಗ ಸ್ನಾಯುವಿನಡಿಯ ಬರ್ಸಾ ಎಂಬ ತೆಳು ಚೀಲವನ್ನು ಮುಟ್ಟಬಹುದು. ದೇಹವನ್ನು ಕೆರಳಿಸಲೆಂದೇ ಮಾಡಿದ ಮದ್ದು ಅಲ್ಲಿ ಸೇರಿದರೆ ಉರಿಯೂತ ಕೂತುಬಿಡುತ್ತದೆ.

2017ರ ಮಾರ್ಚ್ 21ರಿಂದ ಸಿರ್ವಾ ಹಾನಿಪಟ್ಟಿಗೆ ಸೇರಿತು. ಆ ಭುಜದಲ್ಲಿ ಮೊದಲು ತೊಂದರೆ ಇರಬಾರದು, ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ನೋವೂ ಬಿಗಿತವೂ ಆ ಭುಜಕ್ಕಷ್ಟೇ ಸೀಮಿತವಾಗಿರಬೇಕು. ಬಾಧೆ ಆರು ತಿಂಗಳು ಮೀರಿರಬೇಕೆಂಬುದು ಕಾಯ್ದೆಯ ಸಾಮಾನ್ಯ ಷರತ್ತು. ಕಾಗದದಲ್ಲಿ ಸರಳ. ಆದರೆ ಅಂಗಡಿಯ ದಾಖಲೆ ಎಡತೋಳು ಎನ್ನುತ್ತದೆ, ನೋಯುವುದು ಬಲತೋಳು. ತಾನೇ ಹೋದೀತೆಂದು ಕಾದು, ಮೂರು ತಿಂಗಳ ಮೇಲೆ ವೈದ್ಯರ ಬಳಿ ಹೋದವರು ಮೊದಲ ದಿನದ ನೋವನ್ನು ಹೇಗೆ ತೋರಿಸಬೇಕು? ಇಂಥ ಕಡೆ ಮನೆಯವರ ಪ್ರಮಾಣಪತ್ರಗಳಿಗೂ ಬೆಲೆ ಕೊಟ್ಟ, ಈ ಅರ್ಜಿಗಳನ್ನು ತೀರ್ಮಾನಿಸುವ ವಿಶೇಷ ನ್ಯಾಯಾಧಿಕಾರಿಗಳ ನಡೆ ಸರಿಯೆಂದೇ ನನ್ನ ಅಭಿಪ್ರಾಯ.

2020ರಲ್ಲಿ ಸರ್ಕಾರವೇ ಸಿರ್ವಾವನ್ನು ಪಟ್ಟಿಯಿಂದ ತೆಗೆಯಲು ಹೊರಟಿತು. ಇದು ಲಸಿಕೆಯ ದೋಷವಲ್ಲ, ಚುಚ್ಚಿದ ಕೈಯ ದೋಷ ಎಂಬುದು ಅದರ ವಾದ. ಈ ವಾದ ನಿಲ್ಲುವುದಿಲ್ಲ. ಕಾಯ್ದೆ ತಯಾರಕರ ಜೊತೆಗೆ ಲಸಿಕೆ ಹಾಕುವವರಿಗೂ ಹೆಸರಿಸಿಯೇ ರಕ್ಷಣೆ ಕೊಟ್ಟಿದೆ. ಸಿರ್ವಾ ಯೋಜನೆಯಿಂದಲೇ ಹೊರಬಿದ್ದರೆ ನೊಂದವರಿಗೆ ದಾದಿಯರ ಮೇಲೆ ದಾವೆ ಹೂಡುವುದೊಂದೇ ದಾರಿ. 2021ರ ಜನವರಿಯಲ್ಲಿ ಪ್ರಕಟವಾದ ಆ ನಿಯಮವನ್ನು ಹೊಸ ಸರ್ಕಾರ ಏಪ್ರಿಲ್‌ನಲ್ಲಿ ಹಿಂತೆಗೆದುಕೊಂಡಿತು.

ಅಷ್ಟರಲ್ಲಿ ಕೋವಿಡ್ ಲಸಿಕೆ ಬಂದಿತ್ತು. ಅದನ್ನು ಸೇರಿಸಿದ್ದು ಬೇರೊಂದು ಯೋಜನೆಗೆ. ಅರ್ಜಿ ಹಾಕಲು ಪೌರತ್ವ ಬೇಕಿಲ್ಲವಾದ್ದರಿಂದ, ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಕೆಲಸಕ್ಕೆ ಹೋದ ನಮ್ಮವರಿಗೂ ಈ ವ್ಯತ್ಯಾಸ ತಟ್ಟುತ್ತದೆ. ಒಂದೇ ಅಂಗಡಿಯಲ್ಲಿ, ಒಂದೇ ದಿನ ಎಡತೋಳಿಗೆ ಫ್ಲೂ, ಬಲತೋಳಿಗೆ ಕೋವಿಡ್ ಲಸಿಕೆ ಹಾಕಿಸಿಕೊಂಡವರ ಎರಡೂ ಭುಜ ಕೆಟ್ಟರೆ, ಎಡಭುಜಕ್ಕೆ ನ್ಯಾಯಾಲಯವಿದೆ, ಮೂರು ವರ್ಷದ ಗಡುವಿದೆ, ವಕೀಲರ ಶುಲ್ಕವೂ ನಿಧಿಯಿಂದ ಸಿಗುತ್ತದೆ. ಬಲಭುಜದ ಅರ್ಜಿ ಆರೋಗ್ಯ ಇಲಾಖೆಯ ಕಚೇರಿಗೆ ಹೋಗುತ್ತದೆ. ಗಡುವು ಒಂದೇ ವರ್ಷ, ಪಟ್ಟ ನೋವಿಗೆಂದು ಹಣವಿಲ್ಲ, ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ.