ಬಸವನಗುಡಿಯ ಗ್ರಂಥಾಲಯಗಳು: ಬಡಾವಣೆಯ ಓದು ಮತ್ತು ಸಹಭಾಗಿತ್ವದ ಚರಿತ್ರೆ

ಪೀಠಿಕೆ

ಮೈಸೂರು ಸಂಸ್ಥಾನದ ಗ್ರಂಥಾಲಯಗಳ ಚರಿತ್ರೆಯನ್ನು ಹೇಳುವಾಗ ಮೈಸೂರಿನ ಓರಿಯಂಟಲ್ ಲೈಬ್ರರಿ ಹಾಗೂ ಬೆಂಗಳೂರಿನ ಕಬ್ಬನ್ ಉದ್ಯಾನದ ಸಾರ್ವಜನಿಕ ಗ್ರಂಥಾಲಯಗಳು ಮೊದಲು ನೆನಪಿಗೆ ಬರುತ್ತವೆ. ಇವು ರಾಜಾಶ್ರಯದಿಂದ ಹುಟ್ಟಿ ಬೆಳೆದ ಸಂಸ್ಥೆಗಳು. ಇವುಗಳ ದಾಖಲೆಗಳು ಸರ್ಕಾರಿ ಕಡತಗಳಲ್ಲಿ ಕ್ರಮಬದ್ಧವಾಗಿ ದೊರೆಯುವುದರಿಂದ ಚರಿತ್ರೆಕಾರರ ಗಮನವೂ ಸಹಜವಾಗಿ ಇವುಗಳ ಕಡೆಗೇ ಹರಿದಿದೆ. ಆದರೆ ನಗರದ ಅಂಚಿನಲ್ಲಿ ಹೊಸದಾಗಿ ತಲೆಯೆತ್ತಿದ ಬಡಾವಣೆಗಳಲ್ಲಿ ಓದುವ ಅವಕಾಶಗಳು ಹೇಗೆ ರೂಪುಗೊಂಡವು, ಅವುಗಳನ್ನು ಯಾರು ಪೋಷಿಸಿದರು, ಪುಸ್ತಕ ಕೊಡುವುದರ ಜೊತೆಗೆ ಅವು ಸುತ್ತಲಿನ ಜನರಿಗಾಗಿ ಏನೇನು ನಡೆಸಿದವು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬೆಂಗಳೂರಿನ ಬಸವನಗುಡಿಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಬಡಾವಣೆಯ ಹುಟ್ಟು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಕಾಲಿಟ್ಟಿತು. ಹಳೆಯ ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ರೋಗವು ಶೀಘ್ರವಾಗಿ ಹಬ್ಬಿತು. ಗಾಳಿ ಬೆಳಕುಗಳುಳ್ಳ ಹೊಸ ವಸತಿ ಪ್ರದೇಶಗಳ ಅಗತ್ಯವನ್ನು ಆಡಳಿತವು ಮನಗಂಡಿತು. ಪೇಟೆಯ ಉತ್ತರಕ್ಕೆ ಮಲ್ಲೇಶ್ವರವೂ ದಕ್ಷಿಣಕ್ಕೆ ಬಸವನಗುಡಿಯೂ ಈ ಹಿನ್ನೆಲೆಯಲ್ಲಿಯೇ ಬೆಳೆದವು. ನೇರವಾದ ರಸ್ತೆಗಳು, ಸಾಲುಮರಗಳು, ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯಕ್ಕಾಗಿ ಬಿಟ್ಟ ಓಣಿಗಳು ಈ ಬಡಾವಣೆಗಳ ಲಕ್ಷಣಗಳು. ಬಸವನಗುಡಿಗೆ ಹೆಸರು ಕೊಟ್ಟ ದೊಡ್ಡ ಬಸವಣ್ಣನ ದೇವಾಲಯ ಮತ್ತು ಅಲ್ಲಿ ಕಾರ್ತಿಕ ಮಾಸದಲ್ಲಿ ಸೇರುವ ಕಡಲೆಕಾಯಿ ಪರಿಷೆ ಬಡಾವಣೆಗಿಂತ ಬಹಳ ಹಳೆಯವು. ಸುತ್ತಲಿನ ರೈತರ ಪರಿಷೆಯ ನೆಲದ ಪಕ್ಕದಲ್ಲಿಯೇ ಸರ್ಕಾರಿ ನೌಕರರು, ವಕೀಲರು, ಉಪಾಧ್ಯಾಯರು ಮೊದಲಾದ ವಿದ್ಯಾವಂತ ವರ್ಗದವರು ಮನೆಗಳನ್ನು ಕಟ್ಟಿಕೊಂಡರು. ಬಡಾವಣೆಯ ಮುಂದಿನ ಸಾಂಸ್ಕೃತಿಕ ಚರಿತ್ರೆಯನ್ನು ಅರಿಯಲು ಈ ಸಾಮಾಜಿಕ ಸ್ವರೂಪವು ಮುಖ್ಯವಾಗುತ್ತದೆ.

ಸಂಸ್ಥಾನದ ನೀತಿ ಮತ್ತು ಬರೋಡೆಯ ಮಾದರಿ

ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಸ್ಥಾಪನೆಗೊಂಡವು. 1914ರಲ್ಲಿ ಆರಂಭವಾದ ಬೆಂಗಳೂರಿನ ಗ್ರಂಥಾಲಯವು ಮರುವರ್ಷ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನಕ್ಕೆ ಸ್ಥಳಾಂತರಗೊಂಡಿತು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಜನ್ಮ ತಾಳಿದ್ದೂ ಇದೇ ಕಾಲಘಟ್ಟದಲ್ಲಿ ಎಂಬುದನ್ನು ಗಮನಿಸಬೇಕು. ಓದು, ಭಾಷೆ ಮತ್ತು ಆರ್ಥಿಕ ಪ್ರಗತಿಗಳು ಒಂದಕ್ಕೊಂದು ಹೊಂದಿಕೊಂಡಿವೆ ಎಂಬ ನಂಬಿಕೆಯು ಆ ಆಡಳಿತದಲ್ಲಿ ಬಲವಾಗಿತ್ತು.

ಆ ಕಾಲದಲ್ಲಿ ಗ್ರಂಥಾಲಯ ವ್ಯವಸ್ಥೆಗೆ ದೇಶದಲ್ಲಿಯೇ ಮಾದರಿಯಾಗಿದ್ದುದು ಬರೋಡೆ ಸಂಸ್ಥಾನ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ವಿಲಿಯಂ ಆಲನ್‌ಸನ್ ಬೋರ್ಡನ್ ಅವರನ್ನು ಕರೆಸಿ ಸಂಸ್ಥಾನದಾದ್ಯಂತ ಗ್ರಂಥಾಲಯಗಳ ಜಾಲವನ್ನು ರಚಿಸುವ ಹೊಣೆಯನ್ನು ವಹಿಸಿದರು. ಬರೋಡೆಯ ವ್ಯವಸ್ಥೆಯಲ್ಲಿ ಊರಿನವರು ಒಂದು ಪಾಲು ಹಣ ಕೂಡಿಸಿದರೆ ಸ್ಥಳೀಯ ಮಂಡಳಿಯು ಒಂದು ಪಾಲನ್ನೂ ಸರ್ಕಾರವು ಮತ್ತೊಂದು ಪಾಲನ್ನೂ ಕೊಡುವ ಪದ್ಧತಿ ಇತ್ತು. ಗ್ರಂಥಾಲಯವು ಸರ್ಕಾರದ ದಾನವಲ್ಲ, ಮೂವರ ಸಮಾನ ಹೊಣೆ ಎಂಬ ತತ್ತ್ವವು ಇದರಲ್ಲಿ ಅಡಗಿದೆ. ಪುಸ್ತಕದ ಪೆಟ್ಟಿಗೆಗಳನ್ನು ಊರಿಂದೂರಿಗೆ ಕಳುಹಿಸುವ ಸಂಚಾರಿ ಗ್ರಂಥಾಲಯಗಳೂ ಅಲ್ಲಿ ನಡೆದವು.

ಬೆಂಗಳೂರಿನಲ್ಲಿ ಸರ್ಕಾರದ ಕೆಲಸವು ಬಹುಮಟ್ಟಿಗೆ ಕೇಂದ್ರ ಗ್ರಂಥಾಲಯಕ್ಕೆ ಸೀಮಿತವಾಯಿತು. ಬಡಾವಣೆಯ ನಿವಾಸಿಯು ಓದಬೇಕಾದರೆ ಕಬ್ಬನ್ ಉದ್ಯಾನದವರೆಗೆ ನಡೆಯಬೇಕಾಗಿತ್ತು. ಬಸವನಗುಡಿಯಲ್ಲಿ ಈ ಕೊರತೆಯನ್ನು ತುಂಬಲು ಮುಂದಾದವರು ಅಲ್ಲಿನ ನಾಗರಿಕರು.

1945: ಎರಡು ಸಂಸ್ಥೆಗಳು

ಬಸವನಗುಡಿಯ ಚರಿತ್ರೆಯಲ್ಲಿ 1945 ಮಹತ್ತ್ವದ ವರ್ಷ. ಅದೇ ವರ್ಷ ಡಿ. ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಬಹಮನ್ ಪೆಸ್ತನ್‌ಜಿ ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿಗಳು ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದು ಮುಂದೆ ವಿಶ್ವ ಸಂಸ್ಕೃತಿ ಸಂಸ್ಥೆ ಎಂದು ಪ್ರಸಿದ್ಧವಾಯಿತು. ನ್ಯಾಷನಲ್ ಕಾಲೇಜು ಇಲ್ಲಿ ಪ್ರಾರಂಭವಾದದ್ದೂ 1945ರಲ್ಲಿಯೇ. ಯುದ್ಧ ಮುಗಿಯುತ್ತಿದ್ದ, ಸ್ವಾತಂತ್ರ್ಯವು ಸಮೀಪಿಸುತ್ತಿದ್ದ ದಿನಗಳವು.

ಈ ಎರಡು ಸಂಸ್ಥೆಗಳ ಸ್ಥಾಪಕರ ಹಿನ್ನೆಲೆಗಳು ಭಿನ್ನವಾದವು. ಡಿ.ವಿ.ಜಿ. ಅವರು ಪತ್ರಿಕೋದ್ಯಮದಿಂದ ಬಂದವರು; ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದವರು. ಸಾರ್ವಜನಿಕ ಜೀವನವನ್ನು ಶುದ್ಧಗೊಳಿಸಬೇಕಾದರೆ ಪ್ರಜೆಯು ವಿಷಯವನ್ನು ತಿಳಿದು ಮಾತನಾಡುವಂತಾಗಬೇಕು ಎಂಬುದು ಗೋಪಾಲಕೃಷ್ಣ ಗೋಖಲೆಯವರಿಂದ ಅವರು ಪಡೆದ ಪಾಠ. ವಾಡಿಯಾ ಅವರು 1918ರಲ್ಲಿ ಮದ್ರಾಸ್ ಕಾರ್ಮಿಕ ಸಂಘವನ್ನು ಕಟ್ಟಿ ಭಾರತದ ಕಾರ್ಮಿಕ ಚಳವಳಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಬಳಿಕ ಥಿಯಾಸಫಿಯ ಅಧ್ಯಯನ ಮತ್ತು ಪ್ರಸಾರಕ್ಕೆ ತಮ್ಮನ್ನು ಅರ್ಪಿಸಿಕೊಂಡವರು. ಒಬ್ಬರಿಗೆ ರಾಜ್ಯಶಾಸ್ತ್ರ ಮುಖ್ಯ, ಮತ್ತೊಬ್ಬರಿಗೆ ವಿಶ್ವಮೈತ್ರಿ ಮುಖ್ಯ. ಆದರೆ ಇಬ್ಬರೂ ತಮ್ಮ ಸಂಸ್ಥೆಗಳಲ್ಲಿ ಗ್ರಂಥಾಲಯ ಮತ್ತು ಉಪನ್ಯಾಸ ವೇದಿಕೆಗಳನ್ನು ಒಂದೇ ಸೂರಿನಡಿ ತಂದರು ಎಂಬುದು ಪ್ರಸ್ತುತ ಚರ್ಚೆಗೆ ಅತ್ಯಂತ ಮುಖ್ಯವಾದ ಅಂಶ.

ಗೋಖಲೆ ಸಂಸ್ಥೆಯ ಅಧ್ಯಯನ ಗೋಷ್ಠಿಯಲ್ಲಿ ಗ್ರಂಥಗಳನ್ನು ಕೂಡಿ ಓದಿ ಚರ್ಚಿಸುವ ಪದ್ಧತಿ ಇತ್ತು. ಅಲ್ಲಿ ನಡೆದ ಭಗವದ್ಗೀತೆಯ ಪಾಠಗಳಿಂದ ರೂಪುಗೊಂಡ ಡಿ.ವಿ.ಜಿ. ಅವರ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಬಡಾವಣೆಯ ಓದುಗರ ಮುಂದೆ ಆಡಿದ ಮಾತು ನಾಡಿನ ಗ್ರಂಥವಾಯಿತು ಎಂಬುದು ಇದರ ಅರ್ಥ. 1970ರಲ್ಲಿ ತಮಗೆ ಸಾರ್ವಜನಿಕ ಸನ್ಮಾನದಲ್ಲಿ ಅರ್ಪಿತವಾದ ನಿಧಿಯನ್ನು ಅವರು ಈ ಸಂಸ್ಥೆಗೇ ಒಪ್ಪಿಸಿದರು. ವಿಶ್ವ ಸಂಸ್ಕೃತಿ ಸಂಸ್ಥೆಯು ದೊಡ್ಡವರ ಗ್ರಂಥಾಲಯದೊಡನೆ ಮಕ್ಕಳ ಗ್ರಂಥಾಲಯವನ್ನೂ ನಡೆಸಿತು. ಉಪನ್ಯಾಸ, ಸಂಗೀತ, ನೃತ್ಯ, ಚಿತ್ರಪ್ರದರ್ಶನಗಳಿಗೆ ತನ್ನ ಸಭಾಂಗಣವನ್ನು ತೆರೆದಿಟ್ಟಿತು. ಸಂಜೆಯ ಉಪನ್ಯಾಸಕ್ಕೆ ಬಂದವನು ಗ್ರಂಥಾಲಯದ ಬಾಗಿಲನ್ನೂ ಕಾಣುತ್ತಿದ್ದನು; ಪುಸ್ತಕಕ್ಕಾಗಿ ಬಂದವನಿಗೆ ಉಪನ್ಯಾಸದ ಪ್ರಕಟಣೆ ಕಣ್ಣಿಗೆ ಬೀಳುತ್ತಿತ್ತು. 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಸಾರ್ವಜನಿಕ ಉಪನ್ಯಾಸಗಳನ್ನೂ ಈ ಪರಂಪರೆಯ ಮುಂದುವರಿಕೆಯಾಗಿಯೇ ಪರಿಗಣಿಸಬಹುದು.

ಗ್ರಂಥಾಲಯವನ್ನು ಸಮಾಜ ಶಿಕ್ಷಣದ ಕೇಂದ್ರವಾಗಿ ಕಾಣುವ ಈ ದೃಷ್ಟಿಯು ಆ ಕಾಲದಲ್ಲಿ ಬೆಂಗಳೂರಿಗಷ್ಟೇ ಸೀಮಿತವಾಗಿರಲಿಲ್ಲ. ಯುನೆಸ್ಕೋ 1949ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕುರಿತು ತನ್ನ ಪ್ರಣಾಳಿಕೆಯನ್ನು ಹೊರಡಿಸಿತು. ಅದರ ಸಹಯೋಗದಲ್ಲಿ ಸ್ಥಾಪನೆಯಾದ ದೆಹಲಿ ಸಾರ್ವಜನಿಕ ಗ್ರಂಥಾಲಯವನ್ನು 1951ರ ಅಕ್ಟೋಬರ್ 27ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅಲ್ಲಿ ಚರ್ಚಾಕೂಟ, ನಾಟಕ, ಉಪನ್ಯಾಸಗಳನ್ನು ಗ್ರಂಥಾಲಯದ ಕಾರ್ಯಗಳೆಂದೇ ಅಂಗೀಕರಿಸಲಾಯಿತು. ದೆಹಲಿಯಲ್ಲಿ ಸರ್ಕಾರ ಮತ್ತು ಅಂತರರಾಷ್ಟ್ರೀಯ ಸಂಸ್ಥೆಯ ನೆರವಿನಿಂದ ಆದುದನ್ನು ಬಸವನಗುಡಿಯಲ್ಲಿ ನಾಗರಿಕರು ಕೆಲವು ವರ್ಷ ಮೊದಲೇ ತಮ್ಮ ಮಿತಿಯಲ್ಲಿ ಮಾಡಿದ್ದರು.

ಸ್ವಯಂಸೇವೆಯ ಮಿತಿ

ಈ ಸಾಧನೆಯನ್ನು ಮೆಚ್ಚುವಾಗಲೇ ಅದರ ಮಿತಿಯನ್ನೂ ಗುರುತಿಸಬೇಕಾಗುತ್ತದೆ. ನಾಗರಿಕರ ಸ್ವಪ್ರಯತ್ನದಿಂದ ಹುಟ್ಟುವ ಗ್ರಂಥಾಲಯವು ಈಗಾಗಲೇ ಓದುಗರಿರುವ ಕಡೆಯೇ ಹುಟ್ಟುತ್ತದೆ. ದಾನಿಗಳು, ವಿದ್ವಾಂಸರು, ಬಿಡುವುಳ್ಳ ನಿವೃತ್ತರು ಇದ್ದ ಬಸವನಗುಡಿಗೆ ಒಂದೇ ವರ್ಷದಲ್ಲಿ ಎರಡು ಸಂಸ್ಥೆಗಳು ದೊರೆತವು. ಗಿರಣಿ ಕಾರ್ಮಿಕರು ಮತ್ತು ಕೂಲಿಕಾರರು ವಾಸಿಸುತ್ತಿದ್ದ ಕೇರಿಗಳಿಗೆ ಅಂತಹ ಭಾಗ್ಯವಿರಲಿಲ್ಲ. ಪುಸ್ತಕದ ಅಗತ್ಯ ಹೆಚ್ಚಾಗಿದ್ದ ಕಡೆ ಪುಸ್ತಕ ತರುವ ಶಕ್ತಿ ಕಡಿಮೆಯಾಗಿತ್ತು. ಅಕ್ಷರವು ಕೆಲವೇ ಜಾತಿ ವರ್ಗಗಳ ಸ್ವತ್ತಾಗಿದ್ದ ಸಮಾಜದಲ್ಲಿ ಈ ಅಂತರವನ್ನು ಔದಾರ್ಯವೊಂದೇ ತುಂಬಲಾರದು. ಅದಕ್ಕೆ ಕಾನೂನಿನ ಬಲ ಬೇಕಾಗಿತ್ತು.

ಕಾಯಿದೆ ಮತ್ತು ಕರ

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಮಾದರಿ ಗ್ರಂಥಾಲಯ ಮಸೂದೆಯೊಂದನ್ನು 1930ರಷ್ಟು ಹಿಂದೆಯೇ ಬನಾರಸಿನಲ್ಲಿ ನಡೆದ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಮಂಡಿಸಿದ್ದರು. ಅವರು 1957ರಲ್ಲಿ ಬೆಂಗಳೂರಿಗೆ ಬಂದು ಮಲ್ಲೇಶ್ವರದಲ್ಲಿ ನೆಲೆಸಿದರು. 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಇಲ್ಲಿಯೇ ಆರಂಭಿಸಿ, 1972ರಲ್ಲಿ ಇದೇ ನಗರದಲ್ಲಿ ನಿಧನರಾದರು. ಪುಸ್ತಕವಿರುವುದು ಬಳಕೆಗಾಗಿ ಎಂಬುದು ಅವರ ಚಿಂತನೆಯ ಮೂಲ. ಪ್ರತಿಯೊಬ್ಬ ಓದುಗನಿಗೂ ತನಗೆ ಬೇಕಾದ ಪುಸ್ತಕ ದೊರೆಯಬೇಕಾದರೆ ಗ್ರಂಥಾಲಯಕ್ಕೆ ಖಚಿತವಾದ ಆದಾಯ ಬೇಕು. ಆ ಆದಾಯವು ಕರದಿಂದಲೇ ಬರಬೇಕು ಎಂದು ಅವರು ಪ್ರತಿಪಾದಿಸಿದರು.

1948ರ ಮದ್ರಾಸ್ ಕಾಯಿದೆ ಹಾಗೂ 1955ರ ಹೈದರಾಬಾದ್ ಕಾಯಿದೆಗಳ ಬಳಿಕ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಅಂಗೀಕೃತವಾಯಿತು. ಅದು 1966ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಕಬ್ಬನ್ ಉದ್ಯಾನದ ಗ್ರಂಥಾಲಯವು ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ದೊಡ್ಡ ನಗರಗಳಿಗೆ ನಗರ ಗ್ರಂಥಾಲಯ ಪ್ರಾಧಿಕಾರಗಳೂ ಜಿಲ್ಲೆಗಳಿಗೆ ಸ್ಥಳೀಯ ಗ್ರಂಥಾಲಯ ಪ್ರಾಧಿಕಾರಗಳೂ ರಚನೆಗೊಂಡವು. ಮನೆ ಮತ್ತು ನಿವೇಶನಗಳ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಲಾಯಿತು. ಈ ಕರವು ಕಾಲಕ್ರಮದಲ್ಲಿ ಶೇಕಡಾ 6ಕ್ಕೆ ಏರಿತು. ಎಂದರೆ 1,000 ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆಯವನು ಗ್ರಂಥಾಲಯಕ್ಕಾಗಿ 60 ರೂಪಾಯಿ ಕಟ್ಟುತ್ತಾನೆ. ಅವನು ಓದುಗನಾಗಿರಲಿ, ಇಲ್ಲದಿರಲಿ, ಗ್ರಂಥಾಲಯದಲ್ಲಿ ಪಾಲುದಾರನಾಗುತ್ತಾನೆ.

ಇದರ ಪರಿಣಾಮ ಗಣನೀಯವಾದುದು. 1948ರ ಬಳಿಕ ಬೆಳೆದ ಜಯನಗರ, ರಾಜಾಜಿನಗರಗಳಂತಹ ಹೊಸ ಬಡಾವಣೆಗಳಿಗೆ ದಾನಿಗಳನ್ನು ಕಾಯದೆ ಶಾಖಾ ಗ್ರಂಥಾಲಯಗಳನ್ನು ಪಡೆಯುವ ದಾರಿ ತೆರೆಯಿತು. ನಗರಾಡಳಿತವು ಕಟ್ಟಡ ಒದಗಿಸುವುದು, ಇಲಾಖೆಯು ಪುಸ್ತಕ ಮತ್ತು ಸಿಬ್ಬಂದಿಯನ್ನು ಕೊಡುವುದು ಎಂಬ ಹೊಸ ಬಗೆಯ ಸಹಭಾಗಿತ್ವ ರೂಢಿಗೆ ಬಂದಿತು. ಬೆಳಗಿನ ಪತ್ರಿಕೆಗಾಗಿ ಬರುವ ನಿವೃತ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಮನೆಯಲ್ಲಿ ಜಾಗವಿಲ್ಲದ ಯುವಕ ಯುವತಿಯರು ಈ ಶಾಖೆಗಳ ನಿತ್ಯದ ಓದುಗರಾದರು. ಇಲಾಖೆಯ ಸಗಟು ಖರೀದಿಯಿಂದಾಗಿ ಕನ್ನಡ ಪ್ರಕಾಶನಕ್ಕೂ ಈ ಕರವು ಆಸರೆಯಾಯಿತು.

ಕಳಚಿದ ಕೊಂಡಿಗಳು

ಆದರೆ ಕಾಯಿದೆಯು ಕೊಟ್ಟ ಬಲದೊಡನೆ ಎರಡು ಕೊಂಡಿಗಳು ಸಡಿಲಗೊಂಡವು. ಮೊದಲನೆಯದು ಹಣದ ಕೊಂಡಿ. ಕರವನ್ನು ವಸೂಲು ಮಾಡುವುದು ನಗರಾಡಳಿತ; ಖರ್ಚು ಮಾಡಬೇಕಾದುದು ಗ್ರಂಥಾಲಯ ಪ್ರಾಧಿಕಾರ. ವಸೂಲಾದ ಕರವು ಪೂರ್ಣವಾಗಿ ಮತ್ತು ಸಕಾಲದಲ್ಲಿ ಪ್ರಾಧಿಕಾರಕ್ಕೆ ಸೇರದೆ ಬಾಕಿ ಉಳಿಯುವುದು, 2007ರಿಂದ 2025ರವರೆಗೆ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ಮತ್ತೆ ಮತ್ತೆ ಸಾರ್ವಜನಿಕ ಚರ್ಚೆಗೆ ಬಂದಿತು. ಹಣ ತಡವಾದಾಗ ಮೊದಲು ನಿಲ್ಲುವುದು ಹೊಸ ಪುಸ್ತಕದ ಖರೀದಿ. ಅದರಿಂದ ಓದುಗನೂ ಪ್ರಕಾಶಕನೂ ಒಟ್ಟಿಗೆ ನಷ್ಟ ಅನುಭವಿಸುತ್ತಾರೆ.

ಎರಡನೆಯದು ಜನರ ಕೊಂಡಿ. ಗೋಖಲೆ ಸಂಸ್ಥೆಯ ಸದಸ್ಯನಿಗೆ ತಾನು ಯಾವುದಕ್ಕೆ ಹಣ ಕೊಡುತ್ತಿದ್ದೇನೆ ಎಂಬುದು ತಿಳಿದಿತ್ತು. ಗೋಷ್ಠಿಯಲ್ಲಿ ಅವನಿಗೊಂದು ಆಸನವಿತ್ತು. ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರವನ್ನು ಕಟ್ಟುವ ಮನೆಯವನಿಗೆ ತಾನು ಪಾಲುದಾರನೆಂಬ ಅರಿವೇ ಇರುವುದಿಲ್ಲ. ಬಡಾವಣೆಯ ಶಾಲೆ, ಮಹಿಳಾ ಸಮಾಜ, ಸಾಹಿತ್ಯ ಸಂಘಗಳಿಗೂ ಶಾಖಾ ಗ್ರಂಥಾಲಯಕ್ಕೂ ನಡುವಣ ಸಂಬಂಧವು ಬಹುತೇಕ ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹಕ್ಕೆ ಸೀಮಿತವಾಯಿತು.

ಈ ಕೊಂಡಿಯನ್ನು ಮರಳಿ ಬೆಸೆಯಬಹುದು ಎಂಬುದಕ್ಕೆ ಇತ್ತೀಚಿನ ನಿದರ್ಶನವು ಗ್ರಾಮೀಣ ಕರ್ನಾಟಕದಿಂದ ದೊರೆಯುತ್ತದೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಲಾಯಿತು. ಸಾಂಕ್ರಾಮಿಕದಿಂದ ಶಾಲೆ ಮುಚ್ಚಿದ್ದ ಕಾಲದಲ್ಲಿ ಹಳ್ಳಿಯ ಮಗುವಿಗೆ ಪುಸ್ತಕ ತಲುಪಿತು. ದಾನಿಗಳಿಂದ ಪುಸ್ತಕ ಸಂಗ್ರಹಿಸುವ ‘ಪುಸ್ತಕ ಜೋಳಿಗೆ’ಯಲ್ಲಿ ಊರಿನವರೂ ಭಾಗಿಗಳಾದರು. ಸರ್ಕಾರದ ಹಣ, ಪಂಚಾಯಿತಿಯ ಆಶ್ರಯ, ಜನರ ಕೊಡುಗೆ ಎಂಬ ಬರೋಡೆಯ ಹಳೆಯ ತ್ರಿಪಾದವು ಇಲ್ಲಿ ಹೊಸ ರೂಪದಲ್ಲಿ ಕಾಣಿಸಿಕೊಂಡಿದೆ.

ಉಪಸಂಹಾರ

ಬಸವನಗುಡಿಯ ನಿದರ್ಶನದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ನಾಗರಿಕರ ಸ್ವಪ್ರಯತ್ನವು ಗ್ರಂಥಾಲಯಕ್ಕೆ ಜೀವಂತಿಕೆಯನ್ನು ಕೊಟ್ಟಿತು, ಆದರೆ ಎಲ್ಲರನ್ನೂ ತಲುಪಲಿಲ್ಲ. ಕಾಯಿದೆಯು ಗ್ರಂಥಾಲಯವನ್ನು ಎಲ್ಲರ ಹಕ್ಕನ್ನಾಗಿ ಮಾಡಿತು, ಆದರೆ ಹಕ್ಕುದಾರನಿಗೆ ಅದರಲ್ಲಿ ಆಸನವನ್ನು ಕಲ್ಪಿಸಲಿಲ್ಲ. ಮೊದಲನೆಯದನ್ನು ಪ್ರಾಚೀನ ವೈಭವವೆಂದು ಕೊಂಡಾಡಿ ಎರಡನೆಯದನ್ನು ಸರ್ಕಾರಿ ಜಡತೆಯೆಂದು ತಳ್ಳಿಹಾಕುವುದು ಚರಿತ್ರೆಗೆ ನ್ಯಾಯ ಒದಗಿಸಿದಂತಾಗುವುದಿಲ್ಲ. ದಾನದಿಂದ ಬಂದ ಗ್ರಂಥಾಲಯಕ್ಕೆ ಜನರು ಕೃತಜ್ಞರಾಗಿರಬಹುದು. ಕರದಿಂದ ಬಂದ ಗ್ರಂಥಾಲಯದ ಲೆಕ್ಕವನ್ನು ಕೇಳುವ ಅಧಿಕಾರ ಅವರಿಗಿದೆ. ಬಡಾವಣೆಯ ಓದುಗನು ಆ ಅಧಿಕಾರವನ್ನು ಅರಿತು, ವಾಚನಾಲಯದ ಪತ್ರಿಕೆಯ ಮೇಜನ್ನು ದಾಟಿ ಅದರ ಆಡಳಿತದ ಮೇಜಿನವರೆಗೆ ನಡೆದಾಗ 1945ರ ಸ್ಫೂರ್ತಿಯೂ 1965ರ ಕಾನೂನೂ ಒಂದೆಡೆ ಕೂಡುತ್ತವೆ.