ಬಾವಿಗೆ ಬಿಟ್ಟ ಮೀನು

ಗಾಜಿನ ತೊಟ್ಟಿಯಲ್ಲಿ ಒಂದೇ ಮೀನು ಸುತ್ತುತ್ತಿದ್ದರೆ, ಪಾಪ, ಇದಕ್ಕೊಂದು ಜೊತೆ ಬೇಡವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಆ ಕನಿಕರ ಒಳ್ಳೆಯದೇ, ಆದರೆ ತೀರ್ಮಾನವನ್ನು ಅದರ ಕೈಗೆ ಕೊಡಬಾರದು. ಮೀನಿನ ಹುಟ್ಟುಗುಣವನ್ನೂ ಅದಕ್ಕೆ ಸಿಗುವ ನೀರನ್ನೂ ಕೇಳಿಯೇ ಉತ್ತರ ಹೇಳಬೇಕು. ಇದನ್ನು ಕಲಿಸುವ ಚರಿತ್ರೆಯೊಂದು ಕೋಲಾರ ಜಿಲ್ಲೆಯ ಬಾವಿಗಳಲ್ಲಿದೆ.

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಬದುಕು ನಿಂತದ್ದು ಕೆರೆ, ಬಾವಿಗಳ ಮೇಲೆ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯ ಒಂದು ಜಾತಿಗೆ ಈ ತೆರೆದ ಬಾವಿಗಳೇ ತೊಟ್ಟಿಲಾಗಿದ್ದವು. ಗೋಡೆಗೆ ಔಷಧಿ ಹೊಡೆಯೋಣವೆಂದರೆ ಇದು ರೇಷ್ಮೆಯ ನಾಡು. ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಂಕಿ ಏರುವ ಮನೆಯಲ್ಲಿ ಕೀಟನಾಶಕದ ಗಾಳಿ ಸೋಕಿದರೂ ಬೆಳೆ ಹೋದಂತೆಯೇ. ಹೀಗಾಗಿ 1990ರ ದಶಕದಲ್ಲಿ ಜಿಲ್ಲೆಯ ಕಾಮಸಮುದ್ರ ಭಾಗದ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಬಾವಿಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು, ಕೆರೆಕುಂಟೆಗಳಿಗೆ ಅಂಥದ್ದೇ ಗ್ಯಾಂಬೂಸಿಯಾ ಮೀನು ಬಿಟ್ಟರು. ಅನಾಫಿಲಿಸ್ ಮರಿ ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡಲಾಗಿ ಮಲಗಿರುತ್ತದೆ; ಗಪ್ಪಿಯ ಬಾಯಿ ಮೇಲ್ಮುಖವಾಗಿದ್ದು, ಆ ಮೇಲ್ಪದರದಲ್ಲೇ ಮೇಯುತ್ತದೆ. ಸೊಳ್ಳೆ ಕುಗ್ಗಿತು, ಮಲೇರಿಯಾ ಇಳಿಯಿತು, ರೇಷ್ಮೆಯೂ ಉಳಿಯಿತು.

ಬಾವಿಗೆ ಒಂದೇ ಮೀನು ಸಾಲದೇ ಎಂದು ಕೇಳಬಹುದು. ಲೆಕ್ಕಕ್ಕೆ ಸಾಕು: ಗಪ್ಪಿ ಮೊಟ್ಟೆಯಿಡದೆ ಮರಿ ಹಾಕುವ ಮೀನು, ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಳ್ಳುವ ಒಂದೇ ಬಸುರಿ ಹೆಣ್ಣು ಬಾವಿಯನ್ನು ತುಂಬಿಸಬಲ್ಲದು. ಆದರೆ ಸಂತತಿ ಬೆಳೆಯುವುದು ಬೇರೆ, ಜೀವ ನೆಮ್ಮದಿಯಾಗಿರುವುದು ಬೇರೆ. ಗಪ್ಪಿಯ ತವರಾದ ಟ್ರಿನಿಡಾಡ್‌ನ ತೊರೆಗಳಲ್ಲಿ, ದೊಡ್ಡ ಬೇಟೆಮೀನುಗಳಿರುವ ಕಡೆ ಅವು ಒತ್ತಾಗಿ ಗುಂಪುಗಟ್ಟುತ್ತವೆ. ಜಲಪಾತದ ಮೇಲೆ, ಭಯ ಕಡಿಮೆಯಿರುವಲ್ಲಿ, ಗುಂಪು ಸಡಿಲ. ಗುಂಪು ಅವುಗಳಿಗೆ ಜೀವರಕ್ಷೆ. ತೊಟ್ಟಿಗೆ ಬಂದ ಮಾತ್ರಕ್ಕೆ ಆ ಗುಣ ಅಳಿಯುವುದಿಲ್ಲ. ಒಂಟಿ ಗಪ್ಪಿ ತಿಂದುಂಡು ಬದುಕಿದೆಯಲ್ಲ ಎಂಬ ವಾದ ಹೊಟ್ಟೆಯ ಮಾತನ್ನಷ್ಟೇ ಹೇಳುತ್ತದೆ. ಹಾಗೆಂದು ಒಂದು ಗಂಡು, ಒಂದು ಹೆಣ್ಣು ಬಿಟ್ಟರೆ ಗಂಡಿನ ಕಾಟಕ್ಕೆ ಹೆಣ್ಣು ಬಳಲುತ್ತದೆ. ಹೆಣ್ಣುಗಳು ಹೆಚ್ಚಿರುವ ಸಣ್ಣ ಗುಂಪೇ ಲೇಸು. ಅದೇ ಫೈಟರ್ ಮೀನಿನ ಗಂಡಿಗೆ ಇನ್ನೊಂದು ಗಂಡು ಜೊತೆಯಾದರೆ ಅದು ಸಂಗಾತಿಯಲ್ಲ, ಶತ್ರು. ಅದರ ಒಂಟಿತನಕ್ಕೆ ನಾವು ಮರುಗಬೇಕಿಲ್ಲ.

ಹೊರಗಿನಿಂದ ತಂದ ಮೀನು ನಾಡಿನ ಕಪ್ಪೆಮರಿ, ಮೀನುಮೊಟ್ಟೆಗಳನ್ನು ತಿನ್ನುತ್ತದೆಂಬ ಆಕ್ಷೇಪಣೆಯೂ ಇದೆ. 1928ರಲ್ಲಿ ಇಟಲಿಯಿಂದ ಭಾರತಕ್ಕೆ ಬಂದ ಗ್ಯಾಂಬೂಸಿಯಾ ವಿಷಯದಲ್ಲಿ ಅದು ನಿಜವೇ. ಆದ್ದರಿಂದ ಸಾಕಲಾರದೆ ಉಳಿದ ಮೀನನ್ನು ಕೆರೆಗೆ ಸುರಿಯುವುದು ಜೊತೆ ಹುಡುಕಿಕೊಟ್ಟಂತಲ್ಲ. ಸುತ್ತ ಕಟ್ಟಿದ, ಒಳಗಿನದು ಹೊರಹೋಗದ ಬಾವಿಯ ನ್ಯಾಯವೇ ಬೇರೆ.

ಇದೆಲ್ಲಕ್ಕಿಂತ ಮೊದಲಿನದು ನೀರು. ಕೊಳವೆಬಾವಿಗಳು ಆಳಕ್ಕಿಳಿದಂತೆ ಈ ಸೀಮೆಯ ತೆರೆದ ಬಾವಿಗಳು ಬತ್ತಿದವು. ನೀರು ಹೋದ ಬಾವಿಯಲ್ಲಿ ಒಂಟಿ ಮೀನೂ ಇಲ್ಲ, ಗುಂಪೂ ಇಲ್ಲ. ಅಂಗೈಯಗಲದ ಗಾಜಿನ ಬಟ್ಟಲಿಗೂ ಇದೇ ಮಾತು: ಒಂದಕ್ಕೇ ಸಾಲದ ನೀರಿಗೆ ಇನ್ನೊಂದನ್ನು ಬಿಟ್ಟರೆ ಎರಡರ ಕಸವೂ ಅದೇ ನೀರಿನಲ್ಲಿ ವಿಷವಾಗುತ್ತದೆ. ಗಪ್ಪಿಗೆ ಬಳಗ ಬೇಕು, ನಿಜ. ಬಳಗ ತರುವವರು ಮೊದಲು ತೊಟ್ಟಿಯನ್ನು ದೊಡ್ಡದು ಮಾಡಲಿ.